‘ಹ್ಯಾರಿಯೆಟ್’ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಿನಿಮಾವನ್ನು ನಾನು ಮೂರು ಸಲ ನೋಡಿದ್ದೇನೆ. ಅದರಲ್ಲಿ ಎರಡು ಸಲ ಕಾಲೇಜು ಹುಡುಗ ಹುಡುಗಿಯರ ಜೊತೆ ಕೂತು. ಸಿನಿಮಾ ಮುಗಿದು ದೀಪ ಹತ್ತಿದ ಕೂಡಲೇ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು. ಕಥೆಯ ತಿರುವುಗಳೆಲ್ಲ ಇಲ್ಲಿ ಬಯಲಾಗುತ್ತವೆ. ಮೊದಲೇ ತಿಳಿಯುವುದು ಬೇಡ ಅನ್ನುವವರು ಸಿನಿಮಾ ನೋಡಿಕೊಂಡು ಬನ್ನಿ.

ಯಾವ ಸಿನಿಮಾ ಇದು? ಯಾರು ಮಾಡಿದ್ದು?

2019ರ ಅಮೆರಿಕನ್ ಚಿತ್ರ. ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ಬೇರೆಯವರನ್ನೂ ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್ ಎಂಬ ಕಪ್ಪು ಹೆಣ್ಣಿನ ಕಥೆ. ನಿರ್ದೇಶಕಿ ಕ್ಯಾಸಿ ಲೆಮನ್ಸ್. ಚಿತ್ರಕಥೆ ಗ್ರೆಗರಿ ಅಲೆನ್ ಹೋವರ್ಡ್ ಮತ್ತು ಲೆಮನ್ಸ್ ಇಬ್ಬರದು. ಹ್ಯಾರಿಯೆಟ್ ಟಬ್‌ಮನ್ ಪಾತ್ರ ಸಿಂಥಿಯಾ ಎರಿವೊ ಅವರದು. ವಿಲಿಯಂ ಸ್ಟಿಲ್ ಆಗಿ ಲೆಸ್ಲಿ ಓಡಮ್ ಜೂನಿಯರ್, ತಂದೆ ಬೆನ್ ಆಗಿ ಕ್ಲಾರ್ಕ್ ಪೀಟರ್ಸ್, ಫಿಲಡೆಲ್ಫಿಯಾದ ಮರೀ ಆಗಿ ಜನೆಲ್ ಮೊನೆ. ಎರಡು ಗಂಟೆ ಐದು ನಿಮಿಷದ ಸಿನಿಮಾ. ಕಥೆ ನಡೆಯುವುದು ಮೇರಿಲ್ಯಾಂಡ್‌ನಲ್ಲಿ, ಚಿತ್ರೀಕರಣ ನಡೆದದ್ದು ವರ್ಜೀನಿಯಾದಲ್ಲಿ. ಆಸ್ಕರ್‌ಗೆ ಎರಡು ನಾಮನಿರ್ದೇಶನ ಸಿಕ್ಕಿತು, ಒಂದು ಎರಿವೊ ಅವರ ನಟನೆಗೆ, ಇನ್ನೊಂದು ಕೊನೆಯಲ್ಲಿ ಅವರೇ ಹಾಡುವ ಹಾಡಿಗೆ. ಎರಡೂ ಗೆಲ್ಲಲಿಲ್ಲ.

ಹೋವರ್ಡ್ ಈ ಕಥೆಯನ್ನು ಕೈಗೆತ್ತಿಕೊಂಡದ್ದು 1990ರ ದಶಕದಲ್ಲಿ. ಆಗ ಸ್ಟುಡಿಯೊದ ಒಬ್ಬ ಮುಖ್ಯಸ್ಥ, ಹ್ಯಾರಿಯೆಟ್ ಪಾತ್ರಕ್ಕೆ ಜೂಲಿಯಾ ರಾಬರ್ಟ್ಸ್ ಆಗಬಹುದಲ್ಲ ಎಂದು ಹೇಳಿದ್ದರಂತೆ. ಇದನ್ನು ಹೋವರ್ಡ್ ಅವರೇ ಹೇಳಿಕೊಂಡಿದ್ದಾರೆ. ಸಿನಿಮಾ ತೆರೆಗೆ ಬರಲು 25 ವರ್ಷ ಯಾಕೆ ಹಿಡಿಯಿತು ಎನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇದು ನಿಜವಾಗಿ ನಡೆದ ಕಥೆಯೇ?

ಹೌದು. ಹ್ಯಾರಿಯೆಟ್ ಟಬ್‌ಮನ್ ಹುಟ್ಟಿದ್ದು 1822ರ ಸುಮಾರಿಗೆ, ಮೇರಿಲ್ಯಾಂಡ್‌ನ ಡಾರ್ಚೆಸ್ಟರ್ ಕೌಂಟಿಯಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ಅರಮಿಂಟಾ ರಾಸ್, ಮನೆಯಲ್ಲಿ ಮಿಂಟಿ. 1849ರಲ್ಲಿ ತಪ್ಪಿಸಿಕೊಂಡು ಗುಲಾಮಗಿರಿ ಇಲ್ಲದ ಪೆನ್ಸಿಲ್ವೇನಿಯಾ ಸೇರಿದಳು. ಆಮೇಲೆ ಸುಮಾರು ಹತ್ತು ವರ್ಷ ಮತ್ತೆ ಮತ್ತೆ ಅದೇ ಊರಿಗೆ ಹಿಂದಿರುಗಿ ಅಣ್ಣತಮ್ಮಂದಿರನ್ನು, ಅಪ್ಪ ಅಮ್ಮನನ್ನು, ನೆಂಟರನ್ನು, ನೆರೆಯವರನ್ನು ಹೊರಗೆ ತಂದಳು. ಇದಿಷ್ಟೂ ದಾಖಲೆಯಲ್ಲಿದೆ.

ಸಿನಿಮಾ ಸೇರಿಸಿಕೊಂಡದ್ದೂ ಬಹಳ ಇದೆ. ಒಡೆಯನ ಮಗ ಗಿಡಿಯನ್ ಕಲ್ಪಿತ ಪಾತ್ರ. ಆ ಮನೆಯಲ್ಲಿ ಗಿಡಿಯನ್ ಎಂಬ ಮಗ ಇರಲಿಲ್ಲ. ಮರೀ ಬುಕಾನನ್ ಕಲ್ಪಿತ. ಗುಲಾಮರನ್ನು ಹಿಡಿದುಕೊಡುವ ಕಪ್ಪು ಮನುಷ್ಯ ಬಿಗ್ಗರ್ ಲಾಂಗ್ ಕೂಡ ಕಲ್ಪಿತ. ಗಿಡಿಯನ್ ಬಗ್ಗೆ ನನಗೆ ದೊಡ್ಡ ತಕರಾರಿದೆ. ಒಬ್ಬ ಕೆಟ್ಟವನನ್ನು ನಿಲ್ಲಿಸಿ ಅವನೊಂದಿಗೆ ಕೊನೆಯ ಮುಖಾಮುಖಿ ಇಟ್ಟರೆ, ನೋಡುವವರಿಗೆ ಗುಲಾಮಗಿರಿ ಒಬ್ಬ ಮನುಷ್ಯನ ಕ್ರೌರ್ಯದ ಹಾಗೆ ಕಾಣುತ್ತದೆ. ಹ್ಯಾರಿಯೆಟ್‌ಳನ್ನು ಕಟ್ಟಿಹಾಕಿದ್ದು ಬಹುಪಾಲು ಕಾಗದ. ಉಯಿಲು, ಕ್ರಯಪತ್ರ, ಊರಿಂದೂರಿಗೆ ಹೋಗಲು ಬೇಕಾದ ರಹದಾರಿ ಚೀಟಿ, ಪತ್ರಿಕೆಯ ಜಾಹೀರಾತು, ಸಂಸತ್ತಿನ ಕಾಯ್ದೆ. ಆಕೆಗೆ ಓದು ಬರಹ ಬರುತ್ತಿರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಈ ಕಣ್ಣಿನಿಂದ ನೋಡಿದರೆ ನಿಜವಾದ ಕಥೆ ಸಿನಿಮಾಕ್ಕಿಂತ ಬಿಗಿಯಾಗಿದೆ.

ಗಂಡ ಜಾನ್ ಸ್ವತಂತ್ರ, ಹೆಂಡತಿ ಗುಲಾಮಳು. ಅದು ಹೇಗೆ ಸಾಧ್ಯ?

ಮೇರಿಲ್ಯಾಂಡ್‌ನಲ್ಲಿ ಅದು ತೀರಾ ಸಾಮಾನ್ಯ. 1860ರ ಜನಗಣತಿಯ ಪ್ರಕಾರ ಅಲ್ಲಿ ಗುಲಾಮರು 87,000ಕ್ಕೆ ತುಸು ಹೆಚ್ಚು, ಸ್ವತಂತ್ರರಾದ ಕಪ್ಪು ಜನ ಸುಮಾರು 84,000. ಒಂದೇ ಮನೆಯಲ್ಲಿ ಅಪ್ಪ ಸ್ವತಂತ್ರ, ಅಮ್ಮ ಒಬ್ಬನ ಆಸ್ತಿ, ಮಕ್ಕಳು ಅಮ್ಮನ ಲೆಕ್ಕಕ್ಕೆ. ಕಾನೂನು ಹೇಳುತ್ತಿದ್ದದ್ದೇ ಹಾಗೆ, ಮಗು ತಾಯಿಯ ಸ್ಥಿತಿಯನ್ನು ಪಡೆಯುತ್ತದೆ ಎಂದು. ಹೀಗಾಗಿ ಜಾನ್ ಟಬ್‌ಮನ್ ಮತ್ತು ಹ್ಯಾರಿಯೆಟ್‌ಗೆ ಮಕ್ಕಳಾಗಿದ್ದರೆ ಅವು ಹುಟ್ಟುತ್ತಲೇ ಆಕೆಯ ಒಡೆಯರಾದ ಬ್ರೋಡೆಸ್ ಮನೆಯ ಸೊತ್ತು. ಸಿನಿಮಾದ ಮೊದಲ ಹತ್ತು ನಿಮಿಷದಲ್ಲಿ ಗಂಡ ಹೆಂಡತಿ ಇಬ್ಬರೂ ಒಡೆಯನ ಮುಂದೆ ನಿಂತು ಮಾತಾಡುವಾಗ ಈ ಲೆಕ್ಕ ತಲೆಯಲ್ಲಿರಲಿ.

ಆರಂಭದಲ್ಲಿ ವಕೀಲರ ಪತ್ರ ತೋರಿಸುತ್ತಾರಲ್ಲ, ಆ ಗಲಾಟೆ ಏನು?

ಕಥೆಯ ಬೇರು ಅಲ್ಲೇ ಇದೆ. ಸಿನಿಮಾ ಅದನ್ನು ಬೇಗ ದಾಟಿಬಿಡುತ್ತದೆ.

ಹ್ಯಾರಿಯೆಟ್‌ಳ ತಾಯಿ ರಿಟ್ ಮೊದಲು ಆಥೋ ಪ್ಯಾಟಿಸನ್ ಎಂಬವನ ಸೊತ್ತಾಗಿದ್ದಳು. ಅವನು 18ನೇ ಶತಮಾನದ ಕೊನೆಗೆ ಬರೆದ ಉಯಿಲಿನಲ್ಲಿ ರಿಟ್‌ಳನ್ನು ತನ್ನ ಮೊಮ್ಮಗಳಿಗೆ ಬಿಟ್ಟುಹೋದ. ಜೊತೆಗೊಂದು ಷರತ್ತು ಇತ್ತು. ರಿಟ್ ಮತ್ತು ಆಕೆಯ ‘ಹೆಚ್ಚಳ’ 45 ವರ್ಷ ತುಂಬುವವರೆಗೆ ಮಾತ್ರ ಕೆಲಸ ಮಾಡಬೇಕು. ಹೆಚ್ಚಳ ಅಂದರೆ ಮಕ್ಕಳು. ನಮ್ಮಲ್ಲಿ ಹಸು ಕರು ಹಾಕಿ ಕೊಟ್ಟಿಗೆ ತುಂಬಿತು ಅನ್ನುವಾಗ ಯಾವ ಅರ್ಥವಿದೆಯೋ ಅದೇ ಅರ್ಥ.

ರಿಟ್‌ಗೆ 45 ತುಂಬಿತು. ಯಾರೂ ಬಾಯಿ ಬಿಡಲಿಲ್ಲ. ಆ ಮೊಮ್ಮಗಳ ಮಗ ಎಡ್ವರ್ಡ್ ಬ್ರೋಡೆಸ್ ಆಗ ಒಡೆಯ. ಅವನು ರಿಟ್‌ಳನ್ನು ಬಿಡಲಿಲ್ಲ. ಲೀನಾ, ಮರಾಯ ರಿಟಿ, ಸೋಫ್ ಎಂಬ ಮೂವರು ಹೆಣ್ಣುಮಕ್ಕಳನ್ನು ದಕ್ಷಿಣಕ್ಕೆ ಮಾರಿಯೂಬಿಟ್ಟ. ಹ್ಯಾರಿಯೆಟ್ ಬೆಳೆದ ಮೇಲೆ ಐದು ಡಾಲರ್ ಕೊಟ್ಟು ಒಬ್ಬ ವಕೀಲರ ಕೈಯಲ್ಲಿ ಹಳೆಯ ಕಾಗದ ಹುಡುಕಿಸಿದಳು. ಆಗ ಈ ಷರತ್ತು ಗೊತ್ತಾಯಿತು. ತನ್ನ ಅಕ್ಕಂದಿರನ್ನು ಮಾರಿದ್ದು ಅವರದೇ ಕಾನೂನಿನ ಪ್ರಕಾರವೂ ತಪ್ಪು ಎಂದು ತಿಳಿದ ಹೆಣ್ಣು ಯಾವ ನ್ಯಾಯಾಲಯಕ್ಕೆ ಹೋಗಬೇಕು? ಬಿಳಿಯರ ವಿರುದ್ಧ ಗುಲಾಮರ ಸಾಕ್ಷ್ಯ ನಡೆಯುತ್ತಲೇ ಇರಲಿಲ್ಲ.

ಸಿನಿಮಾದಲ್ಲಿ ಬ್ರೋಡೆಸ್ ಆ ಪತ್ರವನ್ನು ಹರಿದು ಹಾಕುತ್ತಾನೆ. ಆ ದೃಶ್ಯ ಕಲ್ಪನೆಯದಾದರೂ ನನಗೆ ಇಷ್ಟ. ಅಷ್ಟು ವರ್ಷಗಳಲ್ಲಿ ಆ ಕುಟುಂಬ ಉಯಿಲಿಗೆ ಮಾಡಿದ್ದೂ ಅದನ್ನೇ.

ಇನ್ನೊಂದು ವಿಷಯ ಸಿನಿಮಾದಲ್ಲಿ ಇಲ್ಲ, ಇರಬೇಕಿತ್ತು. ರಿಟ್‌ಳ ಕಿರಿಯ ಮಗ ಮೋಸೆಸ್‌ನನ್ನು ಜಾರ್ಜಿಯಾದ ವ್ಯಾಪಾರಿಗೆ ಮಾರಲು ಬ್ರೋಡೆಸ್ ಬಂದಾಗ ಆಕೆ ಮಗನನ್ನು ವಾರಗಟ್ಟಲೆ ಅಡಗಿಸಿಟ್ಟಳು. ಹುಡುಕಿಕೊಂಡು ಮನೆ ಬಾಗಿಲಿಗೆ ಬಂದವರಿಗೆ, ಮೊದಲು ಒಳಗೆ ಕಾಲಿಟ್ಟವನ ತಲೆ ಸೀಳುತ್ತೇನೆ ಅಂದಳು. ಬ್ರೋಡೆಸ್ ವಾಪಸ್ ಹೋದ. ಮಗಳಿಗೆ ಧೈರ್ಯ ಎಲ್ಲಿಂದ ಬಂತು ಅಂತ ಕೇಳುವವರಿಗೆ ಈ ಬಾಗಿಲನ್ನು ತೋರಿಸಬೇಕು.

ಹ್ಯಾರಿಯೆಟ್ ಇದ್ದಕ್ಕಿದ್ದಂತೆ ನಿದ್ದೆಗೆ ಜಾರುತ್ತಾಳೆ, ಏನೇನೋ ಕಾಣುತ್ತಾಳೆ. ಸಿನಿಮಾದವರು ಸೇರಿಸಿದ್ದೇ?

ಅಲ್ಲ. ಹನ್ನೆರಡು ಹದಿಮೂರು ವರ್ಷದ ಹುಡುಗಿಯಾಗಿದ್ದಾಗ ಬಕ್‌ಟೌನ್ ಎಂಬಲ್ಲಿಯ ಕಿರಾಣಿ ಅಂಗಡಿಗೆ ಹೋಗಿದ್ದಳು. ಕೆಲಸ ಬಿಟ್ಟು ಬಂದ ಒಬ್ಬ ಆಳನ್ನು ಮೇಸ್ತ್ರಿ ಅಟ್ಟಿಸಿಕೊಂಡು ಬಂದಿದ್ದ. ಕಟ್ಟೆಯ ಮೇಲಿದ್ದ ಎರಡು ಪೌಂಡಿನ ತೂಕದ ಕಲ್ಲನ್ನು ಅವನತ್ತ ಬೀಸಿದ. ಅದು ಮಿಂಟಿಯ ತಲೆಗೆ ಬಿತ್ತು. ಎರಡು ಪೌಂಡ್ ಅಂದರೆ ನಮ್ಮ ಒಂದು ಕಿಲೋ ಕಲ್ಲಿಗೆ ಸ್ವಲ್ಪ ಕಡಿಮೆ. ತಲೆಬುರುಡೆ ಒಡೆಯಿತು. ರಕ್ತ ಸುರಿಯುತ್ತಿದ್ದವಳನ್ನು ಮನೆಗೆ ಹೊತ್ತು ತಂದರು, ಸ್ವಲ್ಪ ದಿನದಲ್ಲೇ ಹೊಲಕ್ಕೆ ಕಳಿಸಿದರು. ಅಂದಿನಿಂದ ಬದುಕಿರುವವರೆಗೂ ಮಾತಾಡುತ್ತ ಮಾತಾಡುತ್ತಲೇ ನಿದ್ದೆ ಬಂದುಬಿಡುವುದು, ಕನಸುಗಳು ಎದುರು ನಿಲ್ಲುವುದು ಆಕೆಗೆ ತಪ್ಪಲಿಲ್ಲ. ಆಕೆ ಅದನ್ನು ದೇವರ ಮಾತು ಎಂದು ನಂಬಿದಳು.

ಸಿನಿಮಾ ಈ ದರ್ಶನಗಳನ್ನು ಅತಿಯಾಗಿ ಬಳಸಿಕೊಂಡಿದೆ ಅನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಅಪಾಯ ಬಂದಾಗಲೆಲ್ಲ ಕಣ್ಣು ಮುಚ್ಚಿದರೆ ದಾರಿ ಕಾಣುತ್ತದೆ ಎಂದರೆ, ಆಕೆ ಕಷ್ಟಪಟ್ಟು ಕಲಿತ ವಿದ್ಯೆಗೆ ಬೆಲೆ ಇಲ್ಲದಂತಾಗುತ್ತದೆ.

ಸೇತುವೆಯಿಂದ ನದಿಗೆ ಹಾರಿದ್ದು ನಿಜವೇ?

ಆ ದೃಶ್ಯಕ್ಕೆ ದಾಖಲೆಯ ಆಧಾರ ಇಲ್ಲ. ನಡೆದದ್ದು ಬೇರೆ ರೀತಿ.

1849ರ ಮಾರ್ಚ್‌ನಲ್ಲಿ ಎಡ್ವರ್ಡ್ ಬ್ರೋಡೆಸ್ ಸತ್ತ. ಸಾಲ ಬಿಟ್ಟುಹೋಗಿದ್ದ. ಒಡೆಯ ಸತ್ತಾಗ ಗುಲಾಮರ ಎದೆ ನಡುಗುತ್ತಿತ್ತು, ಏಕೆಂದರೆ ಸಾಲ ತೀರಿಸಲು ಮೊದಲು ಮಾರುವುದು ಅವರನ್ನೇ. ಸೆಪ್ಟೆಂಬರ್ 17ರಂದು ಹ್ಯಾರಿಯೆಟ್ ಒಬ್ಬಳೇ ಹೋಗಲಿಲ್ಲ. ಬೆನ್ ಮತ್ತು ಹೆನ್ರಿ ಎಂಬ ಇಬ್ಬರು ಸೋದರರೂ ಜೊತೆಗಿದ್ದರು. ವಿಧವೆ ಎಲೈಜಾ ಬ್ರೋಡೆಸ್ ಪತ್ರಿಕೆಗೆ ಜಾಹೀರಾತು ಕೊಟ್ಟಳು. ರಾಜ್ಯದ ಹೊರಗೆ ಹಿಡಿದರೆ ತಲೆಗೆ 100 ಡಾಲರ್, ಒಳಗೆ ಸಿಕ್ಕರೆ 50. ಅದರಲ್ಲಿ ಆಕೆಯ ಹೆಸರು ಮಿಂಟಿ, ವಯಸ್ಸು ಸುಮಾರು 27, ಎತ್ತರ ಸುಮಾರು ಐದು ಅಡಿ, ನೋಡಲು ಲಕ್ಷಣವಾಗಿದ್ದಾಳೆ ಎಂದಿದೆ. ನಮ್ಮ ಪೇಪರುಗಳಲ್ಲಿ ಕಳೆದುಹೋದ ದನದ ಚಹರೆ ಬರೆದ ಹಾಗೆ. ಆದರೆ ಮಿಂಟಿಯ ಬಗ್ಗೆ ಆ ಕಾಲದವರು ಬರೆದ ಚಿತ್ರಗಳಲ್ಲಿ ಉಳಿದಿರುವ ಹಳೆಯದು ಬಹುಶಃ ಇದೇ.

ಸೋದರರಿಗೆ ಭಯವಾಯಿತು. ಹೆನ್ರಿ ಮತ್ತು ಬೆನ್ ಹಿಂದಕ್ಕೆ ಹೊರಟರು, ಅವಳನ್ನೂ ಎಳೆದುಕೊಂಡು ಬಂದರು. ಸ್ವಲ್ಪ ದಿನದಲ್ಲಿ ಆಕೆ ಮತ್ತೆ ಹೊರಟಳು, ಈ ಸಲ ಒಬ್ಬಳೇ. ಪೆನ್ಸಿಲ್ವೇನಿಯಾ ಗಡಿ ಸುಮಾರು 90 ಮೈಲಿ. ಹಗಲು ಅಡಗುವುದು, ರಾತ್ರಿ ನಡೆಯುವುದು. ಗಡಿ ದಾಟಿದ ಬೆಳಿಗ್ಗೆ ತಾನು ಅದೇ ಮನುಷ್ಯಳೋ ಅಲ್ಲವೋ ಎಂದು ತನ್ನ ಕೈಗಳನ್ನು ನೋಡಿಕೊಂಡೆ ಎಂದು ಆಕೆ ಮುಂದೆ ಹೇಳಿದಳು. ಮರಗಳ ನಡುವಿನಿಂದ ಬಿಸಿಲು ಚಿನ್ನದ ಹಾಗೆ ಬರುತ್ತಿತ್ತಂತೆ. ಸಿನಿಮಾ ಈ ಗಳಿಗೆಯನ್ನು ಮಾತ್ರ ಅವಸರ ಮಾಡದೆ ತೋರಿಸಿದೆ. ಎರಿವೊ ಅಲ್ಲಿ ಒಂದು ಮಾತೂ ಆಡದೆ ನಿಂತಿರುವುದನ್ನು ನೋಡಬೇಕು.

ಹಿಂದೆ ಬಿದ್ದವರ ಕೈಗೆ ಸಿಗದೆ ಅಷ್ಟು ದೂರ ಹೋಗುವುದು ಹೇಗೆ? ದಾರಿ ಹೇಗೆ ಗೊತ್ತಿತ್ತು?

ಆ ಸೀಮೆ ಚೆಸಪೀಕ್ ಕೊಲ್ಲಿಯ ಪೂರ್ವ ದಂಡೆ. ಎಲ್ಲ ಕಡೆ ಹಿನ್ನೀರು, ಜವುಗು, ಆಪು ಹುಲ್ಲು. ನಮ್ಮ ಕರಾವಳಿಯ ಗಜನಿ ಭೂಮಿ ನೋಡಿದವರಿಗೆ ಅಂದಾಜು ಸಿಗುತ್ತದೆ. ಆರೇಳು ವರ್ಷದವಳಿದ್ದಾಗಲೇ ಅವಳನ್ನು ಚಳಿಗಾಲದ ಜವುಗಿಗೆ ಇಳಿಸಿ, ತುಪ್ಪಳಕ್ಕಾಗಿ ಮಸ್ಕ್‌ರ‍್ಯಾಟ್ ಎಂಬ ಇಲಿಯಂಥ ಪ್ರಾಣಿ ಹಿಡಿಯುವ ಬೋನುಗಳನ್ನು ನೋಡಿಕೊಂಡು ಬರಲು ಕಳಿಸುತ್ತಿದ್ದರು. ದಡಾರ ಆಗಿದ್ದಾಗಲೂ ಬಿಡಲಿಲ್ಲ. ದೊಡ್ಡವಳಾದ ಮೇಲೆ ಅಪ್ಪನ ಜೊತೆ ಮರ ಕಡಿಯುವ ಕೆಲಸ. ಅಪ್ಪ ಬೆನ್ ನುರಿತ ನಾಟಾ ಕೆಲಸಗಾರ. ನಾಟಾ ಸಾಗಿಸುವ ಹಡಗುಗಳಲ್ಲಿ ಕಪ್ಪು ನಾವಿಕರಿರುತ್ತಿದ್ದರು. ಉತ್ತರದ ಸುದ್ದಿ, ಯಾವ ಮನೆಯವರನ್ನು ನಂಬಬಹುದು ಎನ್ನುವ ಮಾತು ಅವರ ಬಾಯಿಂದ ಬರುತ್ತಿತ್ತು. ಹೀಗೆ ಕಾಡು, ನೀರು, ನಕ್ಷತ್ರ, ಮನುಷ್ಯರು ಎಲ್ಲವನ್ನೂ ಆಕೆ ಓದಿಕೊಂಡಿದ್ದಳು.

ಆಮೇಲಿನ ಪ್ರಯಾಣಗಳಲ್ಲಿ ಆಕೆಯ ಉಪಾಯಗಳು ಕೇಳಲು ಸರಳ. ರಾತ್ರಿ ಉದ್ದವಿರುವ ಚಳಿಗಾಲದಲ್ಲೇ ಹೆಚ್ಚಾಗಿ ಹೋಗುವುದು. ಶನಿವಾರ ಸಂಜೆ ಜನರನ್ನು ಹೊರಡಿಸುವುದು, ಏಕೆಂದರೆ ಸೋಮವಾರದವರೆಗೆ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಲು ಆಗುವುದಿಲ್ಲ. ಹಸುಗೂಸುಗಳು ಅಳದಂತೆ ಅಫೀಮು ಬೆರೆತ ಔಷಧಿ ಕೊಡುವುದು. ಸೊಂಟದಲ್ಲಿ ಪಿಸ್ತೂಲು. ಅರ್ಧ ದಾರಿಯಲ್ಲಿ ಹೆದರಿ ಹಿಂದಿರುಗುತ್ತೇನೆ ಅಂದವನ ಕಡೆಗೂ ಅದನ್ನು ತಿರುಗಿಸಿದ್ದುಂಟು, ಒಬ್ಬ ಹಿಂದೆ ಹೋದರೆ ಎಲ್ಲರೂ ಸಿಕ್ಕಿಬೀಳುತ್ತಾರೆ.

ಒಮ್ಮೆ ರೈಲಿನಲ್ಲಿ ಹಳೆಯ ಪರಿಚಯದ ಬಿಳಿಯರು ಎದುರಾದಾಗ ಕೈಗೆ ಸಿಕ್ಕ ಪತ್ರಿಕೆ ಹಿಡಿದು ಓದುವವಳಂತೆ ಕೂತಳು. ಹುಡುಕುತ್ತಿರುವ ಹೆಂಗಸಿಗೆ ಅಕ್ಷರ ಬಾರದು ಎಂದು ಅವರಿಗೆ ಗೊತ್ತಿತ್ತು. ಪತ್ರಿಕೆ ತಲೆಕೆಳಗಾಗಿ ಹಿಡಿದಿರದಿದ್ದರೆ ಸಾಕು ಎಂಬುದೊಂದೇ ಆಕೆಯ ಪ್ರಾರ್ಥನೆ.

ಅಂಡರ್‌ಗ್ರೌಂಡ್ ರೈಲ್‌ರೋಡ್ ಅಂದರೆ ನೆಲದಡಿಯ ರೈಲೇ?

ರೈಲೂ ಇಲ್ಲ, ಸುರಂಗವೂ ಇಲ್ಲ. ತಪ್ಪಿಸಿಕೊಂಡವರಿಗೆ ಊಟ, ಹಾಸಿಗೆ, ಗಾಡಿ, ಮುಂದಿನ ಮನೆಯ ಗುರುತು ಕೊಡುತ್ತಿದ್ದ ಜನರ ಸರಪಳಿ ಅದು. ಸ್ವತಂತ್ರ ಕಪ್ಪು ಜನ, ಗುಲಾಮಗಿರಿಯಲ್ಲೇ ಇದ್ದವರು, ಕ್ವೇಕರ್ ಪಂಥದ ಬಿಳಿಯರು ಎಲ್ಲರೂ ಇದ್ದರು. ಡೆಲವೇರ್‌ನ ವಿಲ್ಮಿಂಗ್ಟನ್‌ನಲ್ಲಿ ಕಬ್ಬಿಣದ ವ್ಯಾಪಾರಿ ಥಾಮಸ್ ಗ್ಯಾರೆಟ್ 2,500ಕ್ಕೂ ಹೆಚ್ಚು ಜನರಿಗೆ ನೆರವಾದರು. ಸಿನಿಮಾದಲ್ಲಿ ಅವರೂ ಇದ್ದಾರೆ.

ವಿಲಿಯಂ ಸ್ಟಿಲ್ ಎಲ್ಲರ ಹೆಸರು ಬರೆದುಕೊಳ್ಳುತ್ತಾರೆ. ಸಿಕ್ಕಿಬಿದ್ದರೆ ಅದೇ ಸಾಕ್ಷಿ ಆಗುವುದಿಲ್ಲವೇ?

ಆಗುತ್ತಿತ್ತು. ಆದರೂ ಬರೆದರು, ಅದಕ್ಕೊಂದು ಕಾರಣವಿದೆ. 1850ರ ಆಗಸ್ಟ್‌ನಲ್ಲಿ, ತಪ್ಪಿಸಿಕೊಂಡು ಬಂದವರಿಗೆ ನೆರವಾಗುತ್ತಿದ್ದ ಫಿಲಡೆಲ್ಫಿಯಾದ ಅವರ ಕಚೇರಿಗೆ ಪೀಟರ್ ಎಂಬ ನಡುವಯಸ್ಸಿನ ಮನುಷ್ಯ ಬಂದ. ನಲವತ್ತು ವರ್ಷದ ಹಿಂದೆ ತಾಯಿಯಿಂದ ಬೇರೆಯಾದವನು. ದುಡಿದ ಹಣದಲ್ಲಿ ತನ್ನನ್ನು ತಾನೇ ಕೊಂಡುಕೊಂಡು ಮನೆಯವರನ್ನು ಹುಡುಕುತ್ತಿದ್ದ. ಅಪ್ಪ ಅಮ್ಮನ ಹೆಸರು ಕೇಳಿದಾಗ ಸ್ಟಿಲ್‌ಗೆ ಕೈ ಓಡಲಿಲ್ಲ. ಎದುರಿಗೆ ಕೂತವನು ತಾನು ಎಂದೂ ನೋಡಿರದ ಸ್ವಂತ ಅಣ್ಣ.

ಹಳೆಯ ಹೆಸರು, ಹೊಸ ಹೆಸರು, ಊರು, ಒಡೆಯ, ಬಿಟ್ಟು ಬಂದವರು, ಇವನ್ನೆಲ್ಲ ಬರೆದಿಟ್ಟರೆ ಮುಂದೊಂದು ದಿನ ಯಾರಾದರೂ ಯಾರನ್ನಾದರೂ ಹುಡುಕಿಯಾರು ಎಂದು ಸ್ಟಿಲ್ ನಂಬಿದರು. ಕಾಗದಗಳನ್ನು ಅಡಗಿಸಿಟ್ಟು ಉಳಿಸಿ, ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ 1872ರಲ್ಲಿ ಪುಸ್ತಕ ಮಾಡಿದರು. ಸಿನಿಮಾದಲ್ಲಿ ಸ್ಟಿಲ್ ತಲೆ ಬಗ್ಗಿಸಿ ಬರೆಯುತ್ತ ಕೂತ ದೃಶ್ಯದಲ್ಲಿ ಲೆಕ್ಕ ಬರೆಯುವ ಗುಮಾಸ್ತನ ಹಾಗೆ ಕಾಣುತ್ತಾರೆ. ಈ ಅಣ್ಣನ ವಿಷಯ ತಿಳಿದ ಮೇಲೆ ಎರಡನೇ ಸಲ ನೋಡಿದರೆ ಆ ಲೇಖನಿಯ ಮೇಲಿಂದ ಕಣ್ಣು ತೆಗೆಯಲಾಗುವುದಿಲ್ಲ.

ಉತ್ತರ ಸೇರಿದ ಮೇಲೂ ಕೆನಡಾಕ್ಕೆ ಯಾಕೆ ಓಡಬೇಕಾಯಿತು?

1850ರ ಸೆಪ್ಟೆಂಬರ್‌ನಲ್ಲಿ ಬಂದ ಕಾಯ್ದೆಯಿಂದಾಗಿ. ಗುಲಾಮಗಿರಿ ಇಲ್ಲದ ರಾಜ್ಯದಲ್ಲೂ ಓಡಿಬಂದವರನ್ನು ಹಿಡಿದು ಒಪ್ಪಿಸಬೇಕು, ನೆರವಾದವರಿಗೆ ದಂಡ ಮತ್ತು ಜೈಲು. ಹಿಡಿದುತಂದವನು ನಿಜವಾಗಿ ಗುಲಾಮನೇ ಎಂದು ತೀರ್ಮಾನಿಸುವ ಅಧಿಕಾರಿಗೆ, ಹೌದೆಂದರೆ 10 ಡಾಲರ್ ಶುಲ್ಕ, ಅಲ್ಲವೆಂದರೆ 5. ಹಿಡಿಯಲ್ಪಟ್ಟವನಿಗೆ ತನ್ನ ಪರ ಸಾಕ್ಷಿ ಹೇಳುವ ಹಕ್ಕೂ ಇಲ್ಲ. ಹ್ಯಾರಿಯೆಟ್ ತನ್ನವರನ್ನು ಕೆನಡಾದ ಸೇಂಟ್ ಕ್ಯಾಥರಿನ್ಸ್ ಊರಿನವರೆಗೆ ಕರೆದೊಯ್ಯತೊಡಗಿದಳು.

ಗಂಡ ಬೇರೆ ಮದುವೆಯಾದದ್ದು ನಿಜವೇ?

ನಿಜ. 1851ರಲ್ಲಿ ಆಕೆ ಅವನಿಗಾಗಿ ಹೊಸ ಸೂಟು ಕೊಂಡುಕೊಂಡು ಬಂದಿದ್ದಳು. ಅವನು ಕ್ಯಾರಲೈನ್ ಎಂಬವಳನ್ನು ಕಟ್ಟಿಕೊಂಡಿದ್ದ, ಭೇಟಿಯಾಗಲೂ ಬರಲಿಲ್ಲ. ಗಲಾಟೆ ಮಾಡಬೇಕೆಂದುಕೊಂಡವಳು ಮನಸ್ಸು ಬದಲಾಯಿಸಿ, ಹೊರಡಲು ತಯಾರಿದ್ದ ಬೇರೆಯವರನ್ನು ಸೇರಿಸಿಕೊಂಡು ಫಿಲಡೆಲ್ಫಿಯಾಕ್ಕೆ ಹೋದಳು. ಸಿನಿಮಾದಲ್ಲಿ ಜಾನ್ ಅವಳು ಸತ್ತಳೆಂದು ತಿಳಿದು ಮದುವೆಯಾಗುತ್ತಾನೆ. ನಾಯಕಿಯ ಗಂಡ ಒಳ್ಳೆಯವನಾಗಿರಲಿ ಎಂಬ ಆಸೆ ಇದ್ದಿರಬೇಕು.

ಅಪ್ಪ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುವುದು ಯಾಕೆ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ನನಗೂ ಅತಿ ಪ್ರಿಯವಾದ ದೃಶ್ಯ ಇದೇ. ನಡೆದದ್ದು 1854ರ ಕ್ರಿಸ್‌ಮಸ್‌ನಲ್ಲಿ.

ಬೆನ್, ಹೆನ್ರಿ, ರಾಬರ್ಟ್ ಮೂವರು ಸೋದರರನ್ನು ಹಬ್ಬ ಮುಗಿದ ಮರುದಿನ ಹರಾಜು ಹಾಕುವ ಸುದ್ದಿ ಹ್ಯಾರಿಯೆಟ್‌ಗೆ ತಲುಪಿತು. ತಾನು ಬರುತ್ತಿರುವುದನ್ನು ತಿಳಿಸಬೇಕು, ಆದರೆ ಅಲ್ಲಿಗೆ ಹೋಗುವ ಪತ್ರಗಳನ್ನು ಒಡೆದು ನೋಡುತ್ತಿದ್ದರು. ಅಕ್ಷರ ಬಲ್ಲ ಜೇಕಬ್ ಜಾಕ್ಸನ್ ಎಂಬ ಸ್ವತಂತ್ರ ಕಪ್ಪು ಮನುಷ್ಯ ಅಲ್ಲಿದ್ದ. ಉತ್ತರದಲ್ಲಿದ್ದ ಅವನ ಸಾಕುಮಗನ ಹೆಸರಿನಲ್ಲಿ ಒಂದು ಪತ್ರ ಬರೆಸಿ ಹಾಕಿದಳು. ಮನೆಯ ಹಿರಿಯರಿಗೆ ಓದಿ ಹೇಳಿ, ಅಣ್ಣತಮ್ಮಂದಿರಿಗೆ ಪ್ರಾರ್ಥನೆಯಲ್ಲಿ ಎಚ್ಚರವಾಗಿರಲು ಹೇಳಿ, ಜಿಯಾನ್‌ನ ಹಡಗು ಬಂದಾಗ ಹತ್ತಲು ಸಿದ್ಧರಾಗಿರಲಿ ಎಂದು ಅದರಲ್ಲಿತ್ತು. ಆ ಸಾಕುಮಗನಿಗೆ ಅಣ್ಣತಮ್ಮಂದಿರೂ ಇಲ್ಲ, ಹಿರಿಯರೂ ಇಲ್ಲ. ಅಂಚೆಯವರಿಗೆ ಅನುಮಾನ ಬಂತು, ಅರ್ಥ ಮಾತ್ರ ಹೊಳೆಯಲಿಲ್ಲ. ಜಾಕ್ಸನ್‌ನನ್ನು ಕರೆಸಿದರು. ಅವನು ಒಂದು ಸಲ ಕಣ್ಣಾಡಿಸಿದ, ಎಲ್ಲ ತಿಳಿಯಿತು. ಇದು ನನಗೆ ಬಂದದ್ದಲ್ಲ, ತಲೆಬುಡ ಗೊತ್ತಾಗುತ್ತಿಲ್ಲ ಎಂದು ಹಿಂದಕ್ಕೆ ಕೊಟ್ಟು ನಡೆದ. ನೇರ ಹೋಗಿ ಸೋದರರಿಗೆ ಸುದ್ದಿ ಮುಟ್ಟಿಸಿದ.

ಹಬ್ಬದ ದಿನ ಅಪ್ಪ ಅಮ್ಮನ ಗುಡಿಸಲಿನ ಹತ್ತಿರ ಮೇವು ತುಂಬುವ ಕೊಟ್ಟಿಗೆಯಲ್ಲಿ ಎಲ್ಲರೂ ಸೇರಿದರು. ಮಳೆ ಸುರಿಯುತ್ತಿತ್ತು. ಅಮ್ಮ ರಿಟ್ ಮಕ್ಕಳು ಊಟಕ್ಕೆ ಬರುತ್ತಾರೆಂದು ಹಂದಿ ಕೊಯ್ಸಿ ಅಡುಗೆ ಮಾಡಿ ಕಾಯುತ್ತಿದ್ದಳು. ಅವಳಿಗೆ ಹೇಳಲಿಲ್ಲ. ಹೇಳಿದರೆ ಆಕೆಯ ಅಳು ಊರಿಗೆಲ್ಲ ಕೇಳುತ್ತಿತ್ತು. ಅಪ್ಪನಿಗೆ ಮಾತ್ರ ತಿಳಿಸಿದರು. ಅಪ್ಪ ಊಟ ತಂದು ಬಾಗಿಲೊಳಗೆ ಸರಿಸಿದ, ಒಳಗೆ ಇಣುಕಲಿಲ್ಲ. ಮಕ್ಕಳು ಹಲಗೆ ಸಂದಿಯಿಂದ ನೋಡುತ್ತಿದ್ದರು. ಅಮ್ಮ ಗಳಿಗೆಗೊಮ್ಮೆ ಬಾಗಿಲಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ದಾರಿ ನೋಡುತ್ತಿದ್ದಳು. ಹ್ಯಾರಿಯೆಟ್ ತಾಯಿಯನ್ನು ನೋಡಿ ಐದು ವರ್ಷದ ಮೇಲಾಗಿತ್ತು.

ರಾತ್ರಿ ಹೊರಡುವಾಗ ಅಪ್ಪ ಕರವಸ್ತ್ರದಿಂದ ಕಣ್ಣು ಕಟ್ಟಿಕೊಂಡ. ಒಂದೊಂದು ತೋಳು ಒಂದೊಂದು ಮಗುವಿನ ಕೈಯಲ್ಲಿ ಕೊಟ್ಟು ಸ್ವಲ್ಪ ದೂರ ನಡೆದ. ಆಮೇಲೆ ಹೆಜ್ಜೆ ಸಪ್ಪಳ ಕೇಳಿಸದಾಗುವವರೆಗೆ ದಾರಿಯಲ್ಲೇ ನಿಂತಿದ್ದ. ಹಿಡಿಯುವವರು ಬಂದು ಕೇಳಿದಾಗ, ನನ್ನ ಮಕ್ಕಳಲ್ಲಿ ಒಬ್ಬರನ್ನೂ ನಾನು ಕಂಡಿಲ್ಲ ಅಂದ. ಅಪ್ಪ ಬೆನ್ ಸುಳ್ಳು ಹೇಳುವ ಮನುಷ್ಯ ಅಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಅವನು ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ಡಿಸೆಂಬರ್ 29ರಂದು ಅವರೆಲ್ಲ ಸ್ಟಿಲ್ ಅವರ ಎದುರು ನಿಂತು ಹೆಸರು ಬರೆಸಿದರು. ಅಪ್ಪ ಅಮ್ಮನನ್ನು ಹ್ಯಾರಿಯೆಟ್ ಕರೆದೊಯ್ದದ್ದು 1857ರಲ್ಲಿ.

ಪಾದ್ರಿ ಗ್ರೀನ್ ನಿಜವಾದ ವ್ಯಕ್ತಿಯೇ?

ಸ್ಯಾಮ್ಯುಯೆಲ್ ಗ್ರೀನ್, ಸ್ವತಂತ್ರ ಕಪ್ಪು ಬೋಧಕ. 1857ರಲ್ಲಿ ಅವರ ಮನೆ ಶೋಧಿಸಿದಾಗ ಗುಲಾಮಗಿರಿಯ ವಿರುದ್ಧದ ಒಂದು ಕಾದಂಬರಿ ಸಿಕ್ಕಿತು, ‘ಅಂಕಲ್ ಟಾಮ್ಸ್ ಕ್ಯಾಬಿನ್’. ಅದನ್ನು ಇಟ್ಟುಕೊಂಡಿದ್ದಕ್ಕೆ 10 ವರ್ಷ ಜೈಲು ಶಿಕ್ಷೆ. 1862ರಲ್ಲಿ ಬಿಟ್ಟರು. ಮನೆಯಲ್ಲಿದ್ದ ಒಂದೇ ಪುಸ್ತಕಕ್ಕಾಗಿ ಐದು ವರ್ಷ ಜೈಲಿನಲ್ಲಿ ಕಳೆದವರ ಕಥೆಯನ್ನೇ ಬೇರೆ ಸಿನಿಮಾ ಮಾಡಬಹುದು.

300 ಜನರನ್ನು ಬಿಡಿಸಿದಳು, ತಲೆಗೆ 40,000 ಡಾಲರ್ ಇತ್ತು ಎಂದು ಓದಿದ್ದೆವು. ಸಿನಿಮಾದಲ್ಲಿ 70 ಎಂದಿದೆ. ಯಾವುದು ಸರಿ?

ಸಿನಿಮಾದ್ದು. 19 ಪ್ರಯಾಣ, 300 ಜನ ಎನ್ನುವುದು 19ನೇ ಶತಮಾನದ ಜೀವನಚರಿತ್ರೆಯಲ್ಲಿ ಬಂದ ಲೆಕ್ಕ. ದಾಖಲೆಗಳನ್ನು ಒಂದೊಂದಾಗಿ ನೋಡಿದ ಇತಿಹಾಸಕಾರರು ಸುಮಾರು 13 ಪ್ರಯಾಣ, ಸುಮಾರು 70 ಜನ ಎನ್ನುತ್ತಾರೆ. ಆಕೆ ದಾರಿ ಹೇಳಿಕೊಟ್ಟ ಮೇಲೆ ತಾವಾಗಿಯೇ ಹೋದವರು ಇನ್ನೂ ಸುಮಾರು 70. 40,000 ಡಾಲರ್ ಬಹುಮಾನ ದಂತಕಥೆ. ಸಂಖ್ಯೆ ಇಳಿದದ್ದಕ್ಕೆ ಬೇಸರಪಡುವವರಿದ್ದಾರೆ. ಆ 70 ಜನರಲ್ಲಿ ಬಹಳಷ್ಟು ಮಂದಿಯ ಹೆಸರು, ಊರು, ಹೊರಟ ತಿಂಗಳು ನಮಗೆ ಗೊತ್ತು. ಗಾಳಿಯಲ್ಲಿ ತೇಲುವ 300ಕ್ಕಿಂತ ಹೆಸರಿರುವ 70 ನನಗೆ ದೊಡ್ಡದು.

ಉಳಿಸಲಾಗದವರೂ ಇದ್ದಾರೆ. ತಂಗಿ ರೇಚಲ್ ಮಕ್ಕಳನ್ನು ಬಿಟ್ಟು ಬರಲು ಒಪ್ಪಲಿಲ್ಲ. ಕೊನೆಯ ಪ್ರಯಾಣದಲ್ಲಿ, 1860ರಲ್ಲಿ, ಹ್ಯಾರಿಯೆಟ್ ಹೋಗುವಷ್ಟರಲ್ಲಿ ಅವಳು ತೀರಿಕೊಂಡಿದ್ದಳು. ಮಕ್ಕಳನ್ನು ಹೊರತರಲು 30 ಡಾಲರ್ ಬೇಕಿತ್ತು. ಆಕೆಯ ಬಳಿ ಇರಲಿಲ್ಲ.

ಎರಿವೊ ಆಯ್ಕೆಗೆ ವಿರೋಧ ಬಂದದ್ದು, ಬಿಗ್ಗರ್ ಲಾಂಗ್ ಬಗ್ಗೆ ಸಿಟ್ಟು ಎದ್ದದ್ದು ಯಾಕೆ?

ಎರಿವೊ ಬ್ರಿಟನ್ನಿನವರು, ನೈಜೀರಿಯಾ ಮೂಲದ ತಂದೆತಾಯಿಯ ಮಗಳು. ಅಮೆರಿಕದ ಗುಲಾಮರ ವಂಶದ ನಟಿಗೆ ಈ ಪಾತ್ರ ಸಿಗಬೇಕಿತ್ತು ಎಂದು ಹಲವರು ನೊಂದುಕೊಂಡರು. ಆ ನೋವು ನನಗೆ ಅರ್ಥವಾಗುತ್ತದೆ, ಎರಿವೊ ಅವರ ನಟನೆಯಲ್ಲಿ ಮಾತ್ರ ಕೊರತೆ ಕಾಣಲಿಲ್ಲ. ಬಿಗ್ಗರ್ ಲಾಂಗ್ ವಿಷಯದಲ್ಲಿ ನಾನು ಸಿಟ್ಟಾದವರ ಪರ. ಹಣಕ್ಕಾಗಿ ಹಿಡಿದುಕೊಟ್ಟ ಕಪ್ಪು ಜನ ಇರಲೇ ಇಲ್ಲ ಎಂದಲ್ಲ. ಆದರೆ ಸಿನಿಮಾದ ಅತಿ ಕ್ರೂರ ಹೊಡೆತವನ್ನು ಅವನ ಕೈಯಲ್ಲಿ ಹೊಡೆಸಬೇಕಾದ ಅಗತ್ಯ ಇರಲಿಲ್ಲ.

ಕೊನೆಯಲ್ಲಿ ಬರುವ ಸೈನ್ಯದ ದೃಶ್ಯ?

1863ರ ಜೂನ್ 2, ಅಂತರ್ಯುದ್ಧದ ನಡುವೆ, ದಕ್ಷಿಣ ಕ್ಯಾರೊಲೈನಾದ ಕಂಬಾಹಿ ನದಿ. ಕರ್ನಲ್ ಜೇಮ್ಸ್ ಮಾಂಟ್‌ಗೊಮರಿಯ ಕಪ್ಪು ಸೈನಿಕರ ದಳಕ್ಕೆ ಹ್ಯಾರಿಯೆಟ್ ಬೇಹುಗಾರಿಕೆ ನಡೆಸಿ ದಾರಿ ತೋರಿಸಿದಳು. ಒಂದೇ ದಾಳಿಯಲ್ಲಿ ಗದ್ದೆಗಳಿಂದ 750ಕ್ಕೂ ಹೆಚ್ಚು ಜನ ದೋಣಿ ಹತ್ತಿದರು. ಸಿನಿಮಾ ಇದನ್ನು ಎರಡು ನಿಮಿಷದಲ್ಲಿ ಮುಗಿಸುತ್ತದೆ. ಆ ತಿಂಗಳ ಕೊನೆಗೆ ಆಕೆ ಬರೆಸಿದ ಪತ್ರವೊಂದರಲ್ಲಿ, ಉದ್ದ ಲಂಗ ಕಾಲಿಗೆ ಸಿಕ್ಕಿ ಹರಿದುಹೋಯಿತು, ಚಲ್ಲಣದ ಉಡುಪು ಕಳಿಸಿಕೊಡಿ ಎಂಬ ಕೋರಿಕೆ ಇದೆ.

ಮಕ್ಕಳಿಗೆ ತೋರಿಸಬಹುದೇ?

ಹೈಸ್ಕೂಲಿನವರಿಗೆ ಧಾರಾಳವಾಗಿ. ಹೊಡೆತದ ಎರಡು ಮೂರು ದೃಶ್ಯ, ಬೈಗುಳ ಇವೆ. ಪಕ್ಕದಲ್ಲಿ ದೊಡ್ಡವರು ಕೂತಿರಿ.

ಇದೂ ನಮ್ಮ ಜೀತವೂ ಒಂದೇನಾ? ನಮ್ಮ ಕಡೆಗೆ ಏನಾದರೂ ಸಂಬಂಧ ಇದೆಯೇ?

ಒಂದೇ ಅಲ್ಲ. ಅಲ್ಲಿ ಮನುಷ್ಯನೇ ಆಸ್ತಿ, ಹರಾಜಿಗೆ ಬರುವ ವಸ್ತು. ಜೀತದಲ್ಲಿ ಸಾಲದ ಹೆಸರು, ಜಾತಿಯ ಬಲ, ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರ. ನಮ್ಮಲ್ಲಿ ಜೀತ ನಿಷೇಧ ಕಾಯ್ದೆ ಬಂದದ್ದು 1976ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಮಾತ್ರ ನಮ್ಮಲ್ಲೇ ಇದ್ದರು. ಜೋತಿಬಾ ಫುಲೆ 1873ರ ತಮ್ಮ ‘ಗುಲಾಮಗಿರಿ’ಯನ್ನು ಅಮೆರಿಕದಲ್ಲಿ ಗುಲಾಮಗಿರಿ ತೊಡೆಯಲು ದುಡಿದ ಜನರಿಗೆ ಅರ್ಪಿಸಿದ್ದಾರೆ.

ನೇರ ನಂಟು ಉತ್ತರ ಕನ್ನಡದಲ್ಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳ ಹಿರಿಯರಲ್ಲಿ ಅನೇಕರು ಆಫ್ರಿಕಾದಿಂದ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರಿಗೂ ರಾತ್ರಿ, ಕಾಡು, ಹೊಳೆ ಇದ್ದವು. ಹೆಸರು ಬರೆದಿಟ್ಟುಕೊಳ್ಳುವ ಸ್ಟಿಲ್ ಇರಲಿಲ್ಲ. ಆ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

ಸಿನಿಮಾ ಮುಗಿದ ಮೇಲೆ ಹ್ಯಾರಿಯೆಟ್ ಏನಾದಳು? ನೋಟಿನ ಮೇಲೆ ಅವಳ ಚಿತ್ರ ಬರುತ್ತದಂತಲ್ಲ?

ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ ನೆಲೆಸಿದಳು. 1869ರಲ್ಲಿ ನೆಲ್ಸನ್ ಡೇವಿಸ್ ಎಂಬ ಮಾಜಿ ಸೈನಿಕನನ್ನು ಮದುವೆಯಾದಳು. ಹೆಂಗಸರ ಮತದಾನದ ಹಕ್ಕಿಗಾಗಿ ಊರೂರು ತಿರುಗಿ ಮಾತಾಡಿದಳು. ಆಸರೆಯಿಲ್ಲದ ಮುದುಕರಿಗೆ ಆಕೆ ಕಟ್ಟಿಸಿದ ಮನೆ 1908ರಲ್ಲಿ ಬಾಗಿಲು ತೆರೆಯಿತು. 1913ರ ಮಾರ್ಚ್ 10ರಂದು ತೀರಿಕೊಂಡಳು.

20 ಡಾಲರ್ ನೋಟಿನ ಮೇಲೆ ಆಕೆಯ ಚಿತ್ರ ಹಾಕುವುದಾಗಿ 2016ರ ಏಪ್ರಿಲ್‌ನಲ್ಲಿ ಅಮೆರಿಕದ ಖಜಾನೆ ಪ್ರಕಟಿಸಿತು. 2019ರಲ್ಲಿ, ಈ ಸಿನಿಮಾ ಬಂದ ವರ್ಷವೇ, ಅದನ್ನು ಮುಂದೂಡಿದರು.

ಯುದ್ಧದಲ್ಲಿ ಬೇಹುಗಾರ್ತಿಯಾಗಿ, ದಾದಿಯಾಗಿ ದುಡಿದದ್ದಕ್ಕೆ ಸರ್ಕಾರ ಸರಿಯಾದ ಸಂಬಳ ಕೊಟ್ಟಿರಲಿಲ್ಲ. ಆಕೆ ಮೂವತ್ತಕ್ಕೂ ಹೆಚ್ಚು ವರ್ಷ ಅರ್ಜಿ ಹಾಕುತ್ತಲೇ ಇದ್ದಳು. ಮೊದಲು ಸಿಕ್ಕಿದ್ದು ಸೈನಿಕನ ವಿಧವೆ ಎಂದು ತಿಂಗಳಿಗೆ 8 ಡಾಲರ್. 1899ರಲ್ಲಿ, ಆಕೆಯ ಸೇವೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅದನ್ನು 20 ಮಾಡಿದರು. ಆ ಅರ್ಜಿಯ ಕೆಳಗೆ ಆಕೆಯ ಹೆಸರನ್ನು ಬೇರೆ ಯಾರೋ ಬರೆದಿದ್ದಾರೆ. ಹೆಸರಿನ ನಡುವೆ ಗುಣಾಕಾರದ ಗುರುತಿನಂಥ ಎರಡು ಅಡ್ಡಗೆರೆ ಆಕೆಯದು.